ಕಣ್ಣಿನ ನಾಲ್ಕು ಮನೆ

ಮೊನ್ನೆ ರಜೆಗೆ ಬಂದ ಮೊಮ್ಮಗಳು ಹಾಳೆಯ ತುಂಬ ಚೌಕ ಹಾಕಿಕೊಂಡು ಒಂದು ಬೊಗಸೆಗಣ್ಣಿನ ಹುಡುಗಿಯ ಚಿತ್ರ ಬರೆಯುತ್ತ ಕೂತಿದ್ದಳು. ಅರ್ಧ ಮುಖದಷ್ಟು ಕಣ್ಣು, ಇದೆಯೋ ಇಲ್ಲವೋ ಎಂಬಷ್ಟು ಮೂಗು, ಬಾಯಿ ಎಂದರೆ ಒಂದು ಎಳ್ಳುಕಾಳು. ಅದಕ್ಕೆ ಅನಿಮೆ ಎನ್ನುತ್ತಾರಂತೆ, ಜಪಾನಿನವರ ಶೈಲಿಯಂತೆ. "ಅಜ್ಜಿ, ಇದೆಲ್ಲ ನಿಮ್ಮ ಕಾಲದಲ್ಲಿ ಇರಲಿಲ್ಲ ಬಿಡಿ" ಎಂದಳು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ವಯಸ್ಸಾದರೂ ಕೆಳಗೆ ಇಳಿದಿಲ್ಲ. "ಕಣ್ಣಿನ ಮನೆಗಳ ಗೆರೆ ಮಾತ್ರ ಮೊದಲೇ ಅಳಿಸಬೇಡ, ಅಳಿಸಿದೆಯೋ ಕೆಟ್ಟೆ" ಎಂದು ಹೇಳಿ ಒಳಗೆ ಹೋದೆ. ನಿಮಗೆ ಹೇಗೆ ಗೊತ್ತು ಎಂದು ಹಿಂದೆಯೇ ಓಡಿ ಬಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವಳಿಗೆ ಹೇಳದೆ ನುಂಗಿಕೊಂಡದ್ದನ್ನೂ ಬರೆಯುತ್ತೇನೆ.

ನಾವು ಮೂಲತಃ ಬನವಾಸಿ ಕಡೆಯವರು. ಅಪ್ಪ ಶಿರಸಿ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು, ಅಂಗಡಿಯ ಹಿಂದೆಯೇ ಮನೆ. ಅರವತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಆರನೇ ಇಯತ್ತೆ ಮುಗಿಸಿದ್ದೆ, ಹನ್ನೆರಡು ವರ್ಷ. ನನ್ನ ತಂಗಿಗೆ ಒಂಬತ್ತು. ಅವಳಿಗೆ ಏಳನೇ ವರ್ಷದಲ್ಲಿ ಸಿಡುಬು ಬಂತು. ಅಮ್ಮ ಬಂದಾಳೆ ಎಂದು ಬೇವಿನ ಸೊಪ್ಪಿನ ಮೇಲೆ ಮಲಗಿಸಿದರು, ಮನೆಯಲ್ಲಿ ಒಗ್ಗರಣೆ ಸದ್ದು ಕೂಡ ಮಾಡಲಿಲ್ಲ. ತಂಗಿ ಉಳಿದಳು, ಎಡಗಣ್ಣು ಉಳಿಯಲಿಲ್ಲ. ಮೈ ನೆಟ್ಟಗಾದ ಮೇಲೆ ಒಂದು ವಾರ ಶಾಲೆಗೆ ಹೋದಳು. ಆಮೇಲೆ ಹೋಗಲಿಲ್ಲ. ಶಾಲೆಗಷ್ಟೇ ಅಲ್ಲ, ಹಿತ್ತಲ ಬಾಗಿಲು ಬಿಟ್ಟು ಮುಂದಿನ ಹೊಸ್ತಿಲಿಗೂ ಬರಲಿಲ್ಲ. ಯಾರಾದರೂ ಗಿರಾಕಿ ಮನೆಯೊಳಗೆ ನೀರು ಕೇಳಿಕೊಂಡು ಬಂದರೆ ಬಾಗಿಲ ಮರೆಗೆ ಸರಿದು ನಿಲ್ಲುತ್ತಿದ್ದಳು. ಎರಡು ವರ್ಷ ಹೀಗೇ ಹೋಯಿತು.

ಶಾಲೆಯ ಹುಡುಗಿಯರು ಏನೋ ಅಂದರು, ಅದಕ್ಕೇ ಬಿಟ್ಟಳು ಎಂದು ಅವ್ವ ಎಲ್ಲರಿಗೂ ಹೇಳುತ್ತಿದ್ದಳು. ಅಂದದ್ದು ನಿಜ. ಆದರೆ ಮೊದಲು ಅಂದವಳು ನಾನು. ಶಾಲೆಯ ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದೆವು, ಅವಳು ನನ್ನ ಗುಂಪಿನಲ್ಲಿದ್ದಳು. ಎಡಗಡೆಯ ಗೆರೆ ಕಾಣದೆ ತುಳಿದುಬಿಟ್ಟಳು, ನಾವು ಸೋತೆವು. ಸೋಲುವುದೆಂದರೆ ನನಗೆ ಆಗ ಜೀವ ಹೋದ ಹಾಗೆ. "ಒಕ್ಕಣ್ಣಿ, ಗೆರಿ ಕಾಣಂಗಿಲ್ಲೇನ?" ಎಂದು ಎಲ್ಲರೆದುರಿಗೆ ಕೂಗಿದೆ. ಅಲ್ಲಿಯವರೆಗೆ ಹುಡುಗಿಯರು ಬರೀ ಮಿಕಮಿಕ ನೋಡುತ್ತಿದ್ದರು, ಬಾಯಿ ಬಿಟ್ಟಿರಲಿಲ್ಲ. ಮಾರನೆಯ ದಿನ ಅದೇ ಮಾತು ಇಡೀ ಶಾಲೆಯ ಬಾಯಲ್ಲಿತ್ತು. ತಂಗಿ ಮನೆಗೆ ಬಂದು ಪಾಟಿ ಮೂಲೆಗಿಟ್ಟಳು, ಆದರೆ ಅವ್ವನ ಮುಂದೆ ನನ್ನ ಹೆಸರು ಹೇಳಲಿಲ್ಲ. ಅದೊಂದು ಹೇಳಿ ಎರಡು ಏಟು ಹೊಡೆಸಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಬದಲಿಗೆ ಒಂದು ರೂಢಿ ಇಟ್ಟುಕೊಂಡಳು. ನಾನು ಅವಳ ಎಡಗಡೆಗೆ ಹೋದರೆ ಸಾಕು, "ಬಲಗಡೆ ಬಾ" ಎನ್ನುತ್ತಿದ್ದಳು. ಊಟಕ್ಕೆ ಕೂತರೂ ಬಲಗಡೆ, ಮಲಗಿದರೂ ಬಲಗಡೆ. ಅವ್ವನನ್ನು ಎಡಕ್ಕೆ ಕೂರಿಸಿಕೊಳ್ಳುತ್ತಿದ್ದಳು, ನನ್ನನ್ನು ಮಾತ್ರ ಇಲ್ಲ. ಕಣ್ಣಿಗೆ ಕಾಣುವ ಕಡೆ ಇಟ್ಟುಕೊಂಡು ನೋಡಬೇಕಾದ ಮನುಷ್ಯಳು ನಾನು ಎಂದು ನನಗೆ ಅರ್ಥವಾಗಿತ್ತು.

ಆ ವರ್ಷದ ಏಪ್ರಿಲ್‌ನಲ್ಲಿ ಅಪ್ಪ ಕಡ್ಡಿ ಮುರಿದ ಹಾಗೆ ಹೇಳಿದರು. ಜೂನ್‌ನಲ್ಲಿ ಸಾಲಿ ತೆರೆದ ದಿನ ಹೋದರೆ ಹೋಗಲಿ, ಇಲ್ಲದಿದ್ದರೆ ಹೆಡ್ ಮಾಸ್ತರರಿಗೆ ಹೇಳಿ ಹೆಸರು ಹೊಡೆಸಿಬಿಡುತ್ತೇನೆ, ಆಮೇಲೆ ಮನೆಯಲ್ಲೇ ಅವ್ವನ ಜೊತೆ ಕಸ ಮುಸುರೆ ಮಾಡಿಕೊಂಡಿರಲಿ. ಅವ್ವ ಅತ್ತಳು. ನಾನು ತಂಗಿಯ ಬಲಗಡೆ ಹೋಗಿ ಕೂತು, ಸಾಲಿಗೆ ಬಾ ಎಂದೆ. ಅವಳ ಕೈಯಲ್ಲಿ ಡಬ್ಬಿ ಇತ್ತು.

ಆ ಡಬ್ಬಿಯ ವಿಷಯ ಹೇಳಬೇಕು. ಮುಂಬಯಿಯಲ್ಲಿದ್ದ ಸೋದರಮಾವ ಹಿಂದಿನ ದೀಪಾವಳಿಗೆ ತಂದುಕೊಟ್ಟ ತಗಡಿನ ಪೆನ್ಸಿಲ್ ಡಬ್ಬಿ. ಅಡಿಯಲ್ಲಿ ಕಾಗೆ ಕಾಲು ಗುಬ್ಬಿ ಕಾಲಿನಂಥ ಅಕ್ಷರ, ಮಾವ ಅದು ಜಪಾನಿನದು ಎಂದಿದ್ದ. "ಜಪಾನ್ ಮಾಲು, ನಾಕ ದಿನದಾಗ ಮುರೀತೈತಿ" ಎಂದು ಅಪ್ಪ ನಕ್ಕಿದ್ದರು. ಮುಚ್ಚಳದ ಮೇಲೆ ಒಬ್ಬಳು ಹುಡುಗಿ ನಿಂತಿದ್ದಳು. ನಾಲ್ಕು ಇಂಚು ಎತ್ತರ, ಕೆಂಪು ಫ್ರಾಕು, ತಲೆಗೆ ನೀಲಿ ರಿಬ್ಬನ್ನು. ಅವಳ ಕಣ್ಣು ಮಾತ್ರ ಲೋಕದಲ್ಲಿಲ್ಲದ ಕಣ್ಣು. ಮುಖದ ಅರ್ಧ ಅದೇ, ಕಪ್ಪು ಗುಡ್ಡೆಯೊಳಗೆ ಒಂದು ದೊಡ್ಡ ಬಿಳಿ ಮಿಂಚು, ಅದರ ಕೆಳಗೆ ಒಂದು ಸಣ್ಣ ಮಿಂಚು. ತಂಗಿ ದಿನವಿಡೀ ಅವಳನ್ನೇ ನೋಡುತ್ತ ಕೂರುತ್ತಿದ್ದಳು.

"ಈಕಿನ್ನ ಹಿಂದಿನ ಪಡಸಾಲಿ ಗ್ವಾಡಿ ಮ್ಯಾಲೆ ನನ್ನಷ್ಟ ಎತ್ತರ ಬರಿ" ಎಂದಳು. "ಥೇಟ್ ಹಿಂಗ ಇರಬೇಕು. ಬರದಿ ಅಂದ್ರ ಸಾಲಿಗೆ ಬರ್ತೇನಿ. ಇಲ್ಲಂದ್ರ ಇನ್ನ ಮ್ಯಾಲೆ ಕೇಳಬ್ಯಾಡ."

ಆಗದ ಕೆಲಸ ಹೇಳಿದರೆ ಬಾಯಿ ಮುಚ್ಚುತ್ತಾಳೆ ಎಂಬ ಲೆಕ್ಕ ಅವಳದು. ನಾನು ಆಗಲಿ ಎಂದೆ. ಕೈಮೇಲೆ ಕೈ ಹೊಡೆದು ಕರಾರು ಮಾಡಿಕೊಂಡೆವು. ಎಂದೂ ಚಿತ್ರ ಬರೆದವಳಲ್ಲ ನಾನು. ನನ್ನ ಡ್ರಾಯಿಂಗ್ ಪುಸ್ತಕದಲ್ಲಿ ಮಾವಿನಕಾಯಿಗೂ ಬದನೆಕಾಯಿಗೂ ವ್ಯತ್ಯಾಸ ಇರುತ್ತಿರಲಿಲ್ಲ. ಆದರೆ ಆಗಲ್ಲ ಎನ್ನುವ ಮುಖ ನನಗಿರಲಿಲ್ಲ.

ಮೊದಲ ದಿನ ಅಂಗಡಿಯ ಪೊಟ್ಟಣದ ಹಳೇ ಕಾಗದದ ಮೇಲೆ ಬರೆದು ನೋಡಿದೆ. ಎರಡನೆಯ ದಿನವೂ ಬರೆದೆ. ಒಟ್ಟು ಹದಿನೈದು ಇಪ್ಪತ್ತು ಹುಡುಗಿಯರಾದರು, ಎಲ್ಲರೂ ಕಪ್ಪೆಗಳೇ. ತಂಗಿ ಒಂದನ್ನು ಎತ್ತಿಕೊಂಡು, "ಈಕಿ ನಿನ್ನಂಗ ಅದಾಳ ನೋಡು" ಎಂದಳು. ಕಾಗದ ಕಸಿದುಕೊಂಡು ಒಲೆಗೆ ಹಾಕಿದೆ. ಸಿಟ್ಟಿನಲ್ಲಿ ಪೇಟೆಗೆ ಹೊರಟವಳು ಬಸ್ ಸ್ಟ್ಯಾಂಡಿನ ಹತ್ತಿರ ನಿಂತುಬಿಟ್ಟೆ. ಅಲ್ಲಿ ಬೋರ್ಡಿನ ಮಾಮ ಏಣಿ ಹತ್ತಿ ಹೊಸ ಬಟ್ಟೆ ಅಂಗಡಿಯ ಹಲಗೆಯ ಮೇಲೆ ಸೀರೆ ಉಟ್ಟ ಹೆಂಗಸನ್ನು ಬರೆಯುತ್ತಿದ್ದರು. ಎಡಗೈಯಲ್ಲಿ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಒಂದು ಚಿತ್ರ. ಅದರ ಮೇಲೂ ಚೌಕ, ಹಲಗೆಯ ಮೇಲೂ ಚೌಕ. ಅಂಗೈಯಗಲದ ಹೆಂಗಸು ಆಳೆತ್ತರ ಆಗುತ್ತಿದ್ದಳು. ನನಗೆ ಬೇಕಾದದ್ದು ಇದೇ ಎಂದುಕೊಂಡೆ.

ಬೋರ್ಡಿನ ಮಾಮ ಬಿಳಗಿ ಕಡೆಯವರು. ಶ್ರಾವಣದಲ್ಲಿ ಮಣ್ಣಿನ ಗಣಪತಿ ಮಾಡುವುದು, ಉಳಿದ ತಿಂಗಳುಗಳಲ್ಲಿ ಅಂಗಡಿಗಳ ಬೋರ್ಡು, ನಾಟಕದವರ ಪರದೆ ಬರೆಯುವುದು. ನಮ್ಮ ಅಂಗಡಿಯ ಬೋರ್ಡೂ ಅವರದೇ. ಅವರ ಚಪ್ಪರದಲ್ಲಿ ಗಣಪತಿ ಮಾಡುವುದನ್ನು ಪ್ರತಿವರ್ಷ ಹೋಗಿ ನೋಡಿಬರುತ್ತಿದ್ದೆವು. ಏಣಿಯ ಕೆಳಗೆ ನಿಂತು, ನನಗೂ ಕಲಿಸಿ ಎಂದೆ. ಅವರು ತಿರುಗಿಯೂ ನೋಡದೆ, "ನೀ ಕಿರಾಣಿ ಅಂಗಡಿಯವರ ಹಿರೀ ಹುಡ್ಗಿ ಅಲ್ದಾ? ಚೌಕ ಹಾಕೂಕೆ ತಾಳ್ಮೆ ಬೇಕು ಮಾರಾಯ್ತಿ, ನಿಂಗೆ ಇಲ್ಲ ಅದು" ಎಂದರು. ಅವರು ಏಣಿ ಇಳಿಯುವವರೆಗೂ ಬಿಸಿಲಲ್ಲಿ ಅಲ್ಲೇ ನಿಂತೆ. ಇಳಿದು ನೋಡಿದರು, ನಾನಿದ್ದೆ. ಮಾರನೆಯ ದಿನವೂ ಹೋಗಿ ನಿಂತೆ. ಮೂರನೆಯ ದಿನ, "ಎಂತ ಬರೀಬೇಕು ಹೇಳು" ಎಂದರು. ಡಬ್ಬಿ ತೋರಿಸಿದೆ. ಯಾಕೆ ಬರೆಯಬೇಕು ಎಂದೂ ಹೇಳಿದೆ, ಕುಂಟಾಬಿಲ್ಲೆಯ ಮಾತೊಂದು ಬಿಟ್ಟು.

ತಗಡಿನ ಮೇಲೆ ಗೆರೆ ಹಾಕಿದರೆ ಚಿತ್ರ ಹಾಳಾಗುತ್ತದೆ. ಅದಕ್ಕೆ ಮಾಮ ಕರಿ ದಾರ ತರಲು ಹೇಳಿದರು. ಕಾಲಿಂಚಿಗೆ ಒಂದರಂತೆ ಡಬ್ಬಿಗೆ ಅಡ್ಡ ಸುತ್ತು, ಉದ್ದ ಸುತ್ತು, ದಾರ ಜಾರದಂತೆ ಅಂಚಿಗೆ ಗೋಂದು. ಉದ್ದಕ್ಕೆ ಹದಿನಾರು, ಅಗಲಕ್ಕೆ ಏಳು ಚೌಕ ಬಂದವು. ಹುಡುಗಿ ಜೇಡರ ಬಲೆಯೊಳಗೆ ಸಿಕ್ಕಿಬಿದ್ದ ಹಾಗೆ ಕಂಡಳು. ಚೌಕಾಬಾರ ಆಟದಲ್ಲಿ ಅನ್ನುವ ಹಾಗೆ ಮಾಮ ಒಂದೊಂದು ಚೌಕಕ್ಕೂ ಮನೆ ಎನ್ನುತ್ತಿದ್ದರು.

"ಒಂದು ಮನೆ ಬರೀವಾಗ ಪಕ್ಕದ ಮನೆ ನೋಡ್ಬೇಡ" ಎಂದರು. "ಇದು ಕಿವಿ, ಇದು ಕೈ ಅಂತ ತಿಳ್ಕಂಡ್ರೆ ಕೆಟ್ಟೆ. ಗೆರೆ ಈ ಮನೆಗೆ ಎಲ್ಲಿಂದ ಬಂತು, ಎಲ್ಲಿಂದ ಹೊರಗೆ ಹೋಯ್ತು, ಅಷ್ಟೇ ನೋಡು. ಕಿವಿ ತನ್ನಷ್ಟಕ್ಕೆ ತಾನೇ ಆಗ್ತದೆ."

ಇದು ಕೇಳಲು ಸುಲಭ. ನನ್ನಂಥವಳಿಗೆ ಕೈ ಕಂಡ ಕೂಡಲೇ ಕೈ ಬರೆಯಬೇಕು, ಅದೂ ಒಂದೇ ಏಟಿಗೆ. ಮಾಮ ಒಂದು ರಟ್ಟಿನ ತುಂಡಿಗೆ ಚೌಕದಷ್ಟೇ ಕಿಂಡಿ ಕೊರೆದು ಕೊಟ್ಟರು. ಡಬ್ಬಿಯ ಮೇಲೆ ಅದನ್ನಿಟ್ಟರೆ ಒಂದೇ ಮನೆ ಕಾಣುತ್ತದೆ, ಮಿಕ್ಕಿದ್ದೆಲ್ಲ ಮುಚ್ಚಿಹೋಗುತ್ತದೆ. ಎರಡು ವಾರ ಪೊಟ್ಟಣದ ಕಾಗದದ ಮೇಲೆ ಬರೀ ಮನೆಗಳನ್ನು ಬರೆದೆ. ಒಮ್ಮೆ ದಾರ ಒಂದು ಕಡೆ ಜಾರಿದ್ದು ಗೊತ್ತಾಗದೆ ಮೂಗು ಕೆನ್ನೆಗೆ ಹೋಗಿ ಕೂತಿತು. ತಂಗಿ ಬಿದ್ದು ಬಿದ್ದು ನಕ್ಕಳು. ನನಗೆ ಉರಿದುಹೋಯಿತು, ಆದರೆ ಎರಡು ವರ್ಷದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ಆ ಕಾಗದ ಮಾತ್ರ ಒಲೆಗೆ ಹಾಕಲಿಲ್ಲ.

ಮೇ ತಿಂಗಳ ಮೊದಲಿಗೆ ಗೋಡೆಗೆ ಕೈ ಹಾಕಿದೆ. ಅವ್ವ ಹಿಂದಿನ ಪಡಸಾಲೆಗೆ ಹೊಸದಾಗಿ ಸುಣ್ಣ ಬಳಿದುಕೊಟ್ಟಳು. ತಂಗಿಯನ್ನು ಗೋಡೆಗೆ ಆನಿಸಿ ನಿಲ್ಲಿಸಿ ನೆತ್ತಿಯ ಗುರುತು ಹಾಕಿದೆ, ಸರಿಯಾಗಿ ನಾಲ್ಕು ಅಡಿ. ಅಂದರೆ ಒಂದೊಂದು ಮನೆ ಮೂರು ಇಂಚು. ಗೋಡೆಯ ಮೇಲೆ ಗೆರೆ ಹಾಕಲು ಕೆಮ್ಮಣ್ಣಿನ ಪುಡಿಯಲ್ಲಿ ಹೊರಳಿಸಿದ ದಾರ ಎರಡೂ ಕಡೆ ಬಿಗಿಯಾಗಿ ಹಿಡಿದು, ನಡುವೆ ಎಳೆದು ಬಿಡಬೇಕು. ಟಪ್ ಎಂದರೆ ಕೆಂಪು ಗೆರೆ ಮೂಡುತ್ತದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ಇನ್ನೊಂದು ತುದಿ ಹಿಡಿಯುವವರಿರಲಿಲ್ಲ. "ಯಾರರ ಹಿಡೀರಿ" ಎಂದು ರೇಗಿದೆ. ಬಾಗಿಲ ಮರೆಯಿಂದ ಒಂದು ಕೈ ಬಂದು ದಾರದ ತುದಿ ಹಿಡಿಯಿತು. ಇಪ್ಪತ್ತೈದು ಗೆರೆ ಮುಗಿಯುವ ಹೊತ್ತಿಗೆ ಕೈಯ ಹಿಂದೆ ಇಡೀ ಮನುಷ್ಯಳೇ ಬಂದಿದ್ದಳು.

ಮೊದಲು ಇದ್ದಿಲು, ಸರಿಯಾಯಿತು ಎಂದು ಖಾತ್ರಿಯಾದ ಮೇಲೆ ದೀಪದ ಮಸಿಗೆ ಗೋಂದು ಕಲಸಿ ಕುಂಚದಲ್ಲಿ ತಿದ್ದುವುದು. ದಿನಕ್ಕೆ ಐದಾರು ಮನೆ ಆಗುತ್ತಿತ್ತು. ತಂಗಿ ನೆಲದ ಮೇಲೆ ಕೂತು ಡಬ್ಬಿ ನೋಡಿ ಹೇಳುವುದು, ನಾನು ಬರೆಯುವುದು. "ಕೆಳಗಿಂದ ಮೂರು, ಬಲಗಡೆಯಿಂದ ಎರಡು. ಆ ಮನ್ಯಾಗ ಗೆರಿ ಇಷ್ಟ ಡೊಂಕಿಲ್ಲ, ಅಳಿಸು." ಅವಳಿಗೆ ತಪ್ಪು ಕಾಣುವುದು ನನಗಿಂತ ಎಷ್ಟೋ ಬೇಗ. ನಾನು ಸುಳ್ಳೇ ವಾದ ಮಾಡುತ್ತಿದ್ದೆ, ಕಿಂಡಿಯ ರಟ್ಟು ಇಟ್ಟು ನೋಡಿದರೆ ಪ್ರತಿಸಲ ಅವಳದ್ದೇ ಸರಿ. ಹೊಟ್ಟೆ ಉರಿಯಿತು ಎಂದು ಒಪ್ಪಿಕೊಳ್ಳುತ್ತೇನೆ. ಬಿಸಿಲಲ್ಲಿ ಮೂರು ದಿನ ನಿಂತು ಕಲಿತವಳು ನಾನು, ಕೂತಲ್ಲೇ ಕಲಿತವಳು ಇವಳು.

ಮೇ ಕೊನೆಯ ವಾರ ಮಾಮ ಯಲ್ಲಾಪುರಕ್ಕೆ ನಾಟಕದ ಪರದೆ ಬರೆಯಲು ಹೊರಟಿದ್ದರು. ಹೋಗುವ ಮೊದಲು ಒಮ್ಮೆ ನೋಡಿ ಹೋಗಿ ಎಂದು ಕರೆದುಕೊಂಡು ಬಂದೆ. ಫ್ರಾಕು, ಕೈಕಾಲು, ಕೂದಲು, ರಿಬ್ಬನ್ನು ಆಗಿತ್ತು. ಮುಖದ ಸುತ್ತುಗೆರೆ, ಎಳ್ಳುಕಾಳಿನ ಬಾಯಿ ಆಗಿತ್ತು. ಕಣ್ಣಿನ ನಾಲ್ಕು ಮನೆ ಮಾತ್ರ ಖಾಲಿ, ಬಲಗಣ್ಣಿಗೆ ಎರಡು, ಎಡಗಣ್ಣಿಗೆ ಎರಡು. ಅದು ಮಾಮನ ಪದ್ಧತಿ. ಗಣಪತಿಗೆ ಕಣ್ಣು ಬಿಡಿಸುವುದು ಎಲ್ಲ ಮುಗಿದ ಮೇಲೆ, ಚೌತಿಯ ದಿನ ಬೆಳಿಗ್ಗೆ. ಅವರು ಅದನ್ನು ಬೋರ್ಡಿನ ಹೆಂಗಸಿಗೂ ಪರದೆಯ ಹುಲಿಗೂ ನಡೆಸುತ್ತಿದ್ದರು. "ಕಣ್ಣು ಬಂತು ಅಂದ್ರೆ ಅದು ನಮ್ಮನ್ನ ನೋಡೂಕೆ ಶುರು ಮಾಡ್ತದೆ. ಆಮೇಲೆ ಅದ್ರ ಮೈಮೇಲೆ ಕೈ ಆಡಿಸೂಕೆ ಮನಸ್ಸು ಬರೂದಿಲ್ಲ" ಎನ್ನುತ್ತಿದ್ದರು.

ಮಾಮ ಗೋಡೆಯಿಂದ ಹಿಂದಕ್ಕೆ ಸರಿದು, ಕೈ ನೀಟಿ, ಕುಂಚದ ಕಡ್ಡಿ ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿಕೊಂಡು ನೋಡಿದರು. ಹೆಬ್ಬೆರಳು ಕಡ್ಡಿಯುದ್ದಕ್ಕೂ ಮೇಲೆ ಕೆಳಗೆ ಸರಿಯುತ್ತಿತ್ತು. ತಂಗಿ ಬಾಗಿಲ ಮರೆಗೆ ಹೋಗಿ ನಿಂತಿದ್ದಳು. ಅಲ್ಲಿಂದಲೇ ಕೇಳಿದಳು, "ಯಾಕ ಒಂದ ಕಣ್ಣು ಮುಚ್ಚಿದ್ರಿ?"

"ಎರಡೂ ಬಿಟ್ಟು ನೋಡಿದ್ರೆ ಅಳತೆ ಸಿಗೂದಿಲ್ಲ ತಂಗಿ" ಎಂದರು ಮಾಮ, ಕಡ್ಡಿಯಿಂದ ಕಣ್ಣು ತೆಗೆಯದೆ. "ಕಡ್ಡಿ ಎರಡೆರಡು ಕಾಣ್ತದೆ. ನಮ್ಮ ಕಸುಬಿನವರು ಒಂದು ಮುಚ್ಚಲೇಬೇಕು."

ಅವರು ಯಾರೊಡನೆ ಮಾತಾಡುತ್ತಿದ್ದೇನೆ ಎಂದು ನೋಡಿರಲಿಲ್ಲ. ಸಮಾಧಾನ ಹೇಳಲು ಆಡಿದ ಮಾತೂ ಅಲ್ಲ. ಮಾಮ ಹೋದ ಮೇಲೆ ತಂಗಿ ಕಸಬರಿಗೆಯಿಂದ ಒಂದು ಕಡ್ಡಿ ಮುರಿದುಕೊಂಡು, ಕೈ ನೀಟಿ ಹಿಡಿದು, ಒಲೆ ಅಳೆದಳು, ಕೊಡ ಅಳೆದಳು, ಅವ್ವನನ್ನು ಅಳೆದಳು. "ಸುಮ್ನ ಕೂಡ ಅವ್ವ, ಅಲುಗಾಡಬ್ಯಾಡ" ಎಂದು ಗದರಿಸಿದಳು ಕೂಡ.

ಶಾಲೆ ಸೋಮವಾರ ತೆರೆಯುವುದಿತ್ತು. ಭಾನುವಾರ ಬೆಳಿಗ್ಗೆ ಎದ್ದವಳೇ ಉಳಿದ ಕೆಲಸಕ್ಕೆ ಕೈ ಹಾಕಿದೆ. ಇಲ್ಲಿ ನಾನು ಮಾಡಿದ ತಪ್ಪು ಹೇಳುತ್ತೇನೆ, ಗಣಪತಿ ಮಾಡುವುದನ್ನು ನೋಡಿ ಬೆಳೆದವಳು ಮಾತ್ರ ಮಾಡಬಹುದಾದ ತಪ್ಪು. ಚಪ್ಪರದಲ್ಲಿ ಮಾಮ ಕಣ್ಣು ಬಿಡಿಸುವ ಮೊದಲು ಮೂರ್ತಿಗೆ ಬಣ್ಣ ಮುಗಿಸಿ, ಧೂಳು ಒರೆಸಿ, ಮಣೆ ತೊಳೆದು, ಸುತ್ತ ಗುಡಿಸಿ, ಆಮೇಲೆ ಕೈಕಾಲು ತೊಳೆದುಕೊಂಡು ಬಂದು ಕುಂಚ ಹಿಡಿಯುತ್ತಿದ್ದರು. ಕಣ್ಣಾದ ಮೇಲೆ ಒಂದು ಚುಕ್ಕೆಯ ಕೆಲಸವೂ ಉಳಿದಿರಬಾರದು. ನಾನೂ ಹಾಗೇ ಮಾಡಿದೆ. ಒಣ ಬಟ್ಟೆಯಿಂದ ಗೋಡೆಯ ಕೆಂಪು ಗೆರೆಗಳನ್ನೆಲ್ಲ ಒರೆಸಿದೆ, ಅಂಚಿನ ಗುರುತುಗಳನ್ನೂ ಬಿಡಲಿಲ್ಲ. ಕೆಮ್ಮಣ್ಣು ಕಲಸಿ ಫ್ರಾಕಿಗೆ ಬಳಿದೆ, ಬಟ್ಟೆಗೆ ಹಾಕುವ ನೀಲಿಯಿಂದ ರಿಬ್ಬನ್ನು ತುಂಬಿದೆ. ಸುಣ್ಣಕ್ಕೆ ಚಿಟಿಕೆ ಕೆಮ್ಮಣ್ಣು ಸೇರಿಸಿ ಮುಖಕ್ಕೆ ಬಣ್ಣ ಕೊಟ್ಟೆ, ಕಣ್ಣಿನ ಜಾಗ ಮಾತ್ರ ಅಂದಾಜಿನಲ್ಲಿ ಬೆಳ್ಳಗೆ ಬಿಟ್ಟೆ. ನೆಲ ಸಾರಿಸಿದೆ. ಕೈಕಾಲು ತೊಳೆದುಕೊಂಡು ಬಂದು ಇದ್ದಿಲು ಹಿಡಿದೆ. ಹಿಡಿದು ಹಾಗೇ ನಿಂತೆ.

ಮಣ್ಣಿನ ಗಣಪತಿಗೆ ಕಣ್ಣಿನ ಗುಳಿ ಮೊದಲೇ ಇರುತ್ತದೆ. ನನ್ನ ಗೋಡೆಯ ಮೇಲೆ ಏನಿತ್ತು? ಗೆರೆ ಇಲ್ಲ, ಮನೆ ಇಲ್ಲ, ಬರೀ ಬಿಳಿ. ಬೋರ್ಡಿನ ಮೇಲೆ ಕಣ್ಣಿನ ಮನೆಗಳ ಗೆರೆಗಳನ್ನು ಮಾಮ ಕೊನೆಯವರೆಗೂ ಉಳಿಸಿಕೊಳ್ಳುತ್ತಿದ್ದರು ಎಂಬುದು ಆಗ ನೆನಪಾಯಿತು. ಅವರು ಅದನ್ನು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಮತ್ತೆ ದಾರ ಹೊಡೆಯೋಣವೆಂದರೆ ಮುಖದ ಬಣ್ಣ ಹಸಿ, ಒಣಗಿದ ಮೇಲೆ ಹೊಡೆದರೂ ಕೆಮ್ಮಣ್ಣಿನ ಪುಡಿ ಮುಖದ ತುಂಬ ಅಂಟುತ್ತದೆ. ಮಾಮ ಯಲ್ಲಾಪುರದಲ್ಲಿ. ಸೋಮವಾರ ನಾಳೆ.

ಆದದ್ದಾಗಲಿ ಎಂದು ಬಲಗಣ್ಣು ಬರೆದೆ. ಒರೆಸಿದೆ, ಮತ್ತೆ ಬರೆದೆ. ಮೂರನೆಯ ಸಲಕ್ಕೆ ಪರವಾಗಿಲ್ಲ ಎನ್ನುವಂತೆ ಬಂತು, ಮಸಿಯಲ್ಲಿ ತಿದ್ದಿದೆ. ಎಡಗಣ್ಣು ಏನು ಮಾಡಿದರೂ ಬರಲಿಲ್ಲ. ಒಮ್ಮೆ ಮೇಲಾಯಿತು, ಒಮ್ಮೆ ಹೊರಗೆ ಹೋಯಿತು, ಒಮ್ಮೆ ಸಣ್ಣದಾಗಿ ಕೂತಿತು. ಒರೆಸಿ ಒರೆಸಿ ಅಲ್ಲಿಯ ಸುಣ್ಣ ಬೂದಿಯ ಬಣ್ಣಕ್ಕೆ ತಿರುಗಿತು. ಊಟಕ್ಕೆ ಕರೆದರೂ ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇದ್ದಿಲನ್ನು ಗೋಡೆಗೆ ಬೀಸಿ ಒಗೆದು, ನೆಲದ ಮೇಲೆ ಕೂತು ಅತ್ತೆ. ಸೋತರೆ ಬೈಯುವುದು ಗೊತ್ತಿತ್ತು, ಅಳುವುದು ಗೊತ್ತಿರಲಿಲ್ಲ. ಅವತ್ತು ಬೈಯಲು ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ.

ತಲೆ ಎತ್ತಿದಾಗ ತಂಗಿ ಚಿತ್ರದ ಎದುರಿಗೆ ನಿಂತಿದ್ದಳು. ಅವಳಷ್ಟೇ ಎತ್ತರದ ಹುಡುಗಿ, ಬಲಗಣ್ಣು ಇದೆ, ಎಡಗಣ್ಣಿನ ಜಾಗದಲ್ಲಿ ಒಂದು ಬೂದಿ ಕಲೆ. ಅವಳನ್ನೇ ನೋಡಿ ಬರೆದ ಹಾಗೆ. ಅಲ್ಲಿಯವರೆಗೆ ನನ್ನ ತಲೆಗೆ ಅದು ಹೊಳೆದೇ ಇರಲಿಲ್ಲ.

"ಬೇಕಂತ ಮಾಡಿಲ್ಲ" ಎಂದೆ. "ದೇವರಾಣಿ, ಬೇಕಂತ ಮಾಡಿಲ್ಲ."

"ಗೊತ್ತೈತಿ" ಎಂದಳು. "ಕಂಡೇನಿ ನಾನು. ಗೆರಿ ಒರಸಿಬಿಟ್ಟಿ, ಗಡಿಬಿಡಿ ಗೌರವ್ವ."

ಡಬ್ಬಿ ನನ್ನ ಕೈಗೆ ಕೊಟ್ಟು, ಕಣ್ಣೆದುರಿಗೆ ಹಿಡಿದುಕೊಂಡು ನಿಲ್ಲು ಎಂದಳು. ಕಸಬರಿಗೆ ಕಡ್ಡಿ ತಂದಳು. ಹಿಂದಕ್ಕೆ ಸರಿದು ಕೈ ನೀಟಿದಳು. ಅವಳು ಯಾವ ಕಣ್ಣನ್ನೂ ಮುಚ್ಚಬೇಕಾಗಿರಲಿಲ್ಲ. ಡಬ್ಬಿಯ ಹುಡುಗಿಯ ಒಂದು ಕಣ್ಣಿನಿಂದ ಇನ್ನೊಂದಕ್ಕೆ ಎಷ್ಟು ದೂರ ಎಂದು ಅಳೆದಳು. ನಾನು ಬರೆದ ಬಲಗಣ್ಣು ಅಳೆದಳು, ಮೂಗಿನ ಚುಕ್ಕೆಯಿಂದ ರೆಪ್ಪೆಯವರೆಗೆ ಅಳೆದಳು. ಗೋಡೆಗೆ ಹೋಗಿ ಒಂದು ಚುಕ್ಕೆ ಇಟ್ಟು ಹಿಂದೆ ಬಂದಳು. ಮತ್ತೆ ಅಳೆದು ಇನ್ನೊಂದು ಚುಕ್ಕೆ. ಎಂಟು ಹತ್ತು ಚುಕ್ಕೆಗಳಾದವು, ರಂಗೋಲಿಗೆ ಇಟ್ಟ ಹಾಗೆ. ಆಮೇಲೆ ಇದ್ದಿಲು ಎತ್ತಿಕೊಂಡು ಮೇಲಿನ ರೆಪ್ಪೆ ಎಳೆದಳು, ಕೆಳಗಿನದು ಎಳೆದಳು, ಗುಡ್ಡೆ ಸುತ್ತಿದಳು. ದೊಡ್ಡ ಮಿಂಚು ಬಿಟ್ಟಳು, ಅದರ ಕೆಳಗೆ ಸಣ್ಣ ಮಿಂಚು ಬಿಟ್ಟಳು. ಒಂದು ಸಲವೂ ಒರೆಸಲಿಲ್ಲ. ಗೋಡೆಯ ಹುಡುಗಿ ಎರಡೂ ಕಣ್ಣು ಬಿಟ್ಟು ನಮ್ಮನ್ನು ನೋಡಿದಳು.

ಎರಡು ವಾರದ ಮೇಲೆ ಮಾಮ ಬಂದು ನೋಡಿದರು. "ಈ ಕಣ್ಣು ಕಲಿತವ್ರು ಬರ್ದದ್ದು" ಎಂದು ನನ್ನದನ್ನು ತೋರಿಸಿದರು. ಎಡಗಣ್ಣು ತೋರಿಸಿ, "ಇದು ಕಂಡವ್ರು ಬರ್ದದ್ದು" ಎಂದರು. ಅದು ಮುಂದಿನ ಮಾತು. ಅವತ್ತು ಭಾನುವಾರ ತಂಗಿ ಕೈಯ ಮಸಿ ಲಂಗಕ್ಕೆ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಕರಾರು ಮುರೀತು" ಎಂದಳು. "ನೀ ಪೂರಾ ಬರೀಲಿಲ್ಲ."

ನಿಜವಾಗಿಯೂ ಮುರಿದಿತ್ತು. ಒಂದೂವರೆ ತಿಂಗಳ ಕೆಲಸ ಒಂದು ಬಟ್ಟೆಯ ತುಂಡಿನಲ್ಲಿ ಒರೆಸಿಹೋಗಿತ್ತು. ನಾಳೆ ಅಪ್ಪ ಹೋಗಿ ಹೆಸರು ಹೊಡೆಸುತ್ತಾರೆ. ಅವಳು ಹೋಗಲಿಲ್ಲ, ನಿಂತೇ ಇದ್ದಳು. ಏನನ್ನೋ ಕಾಯುತ್ತಿದ್ದಾಳೆ ಎಂದು ಅನಿಸಿತು. ಏನನ್ನು ಎಂಬುದು ನನಗೆ ಗೊತ್ತಿತ್ತು. ಎರಡು ವರ್ಷದಿಂದ ಗೊತ್ತಿತ್ತು. ನೂರಾ ಹನ್ನೆರಡು ಮನೆ ಬರೆಯುವುದು ಅದೊಂದು ಮಾತು ಆಡುವುದಕ್ಕಿಂತ ಸುಲಭ ಎಂದುಕೊಂಡೇ ನಾನು ಗೋಡೆಗೆ ಕೈ ಹಾಕಿದ್ದು.

"ಸಾಲ್ಯಾಗ ಆ ಮಾತು ಮೊದ್ಲ ಅಂದಾಕಿ ನಾನು" ಎಂದೆ. "ಆಟ ಸೋತ ಸಿಟ್ಟಿಗೆ ಅಂದೆ. ನೀ ಕಣ್ಣಿಂದ ಸಾಲಿ ಬಿಡಲಿಲ್ಲ, ನನ್ನ ಬಾಯಿಂದ ಬಿಟ್ಟಿ. ನಂದ ತಪ್ಪು."

ಬಾಗಿಲಲ್ಲಿ ಅವ್ವ ನಿಂತಿದ್ದಳು. ಊಟಕ್ಕೆ ಕರೆಯಲು ಬಂದವಳು ಎಲ್ಲ ಕೇಳಿಸಿಕೊಂಡಳು. ಅವಳು ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ, ಮುಖಕ್ಕೆ ಸೆರಗು ಹಿಡಿದುಕೊಂಡು ಒಳಗೆ ಹೋದಳು. ತಂಗಿ ಡಬ್ಬಿಯ ದಾರಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಅಷ್ಟೂ ಬಿಚ್ಚಿ, ಉಂಡೆ ಸುತ್ತಿ, ಆಮೇಲೆ ಹೇಳಿದಳು.

"ನೀ ಯಾವಾಗ ಹೇಳ್ತಿ ಅಂತ ಎರಡ ವರ್ಷ ಕಾದೆ."

ಸೋಮವಾರ ಬೆಳಿಗ್ಗೆ ನಾನು ಏಳುವ ಮೊದಲೇ ಅವಳು ತಲೆ ಬಾಚಿಸಿಕೊಂಡು, ಹಣೆಗೆ ವಿಭೂತಿ ಹಚ್ಚಿಸಿಕೊಂಡು ಕೂತಿದ್ದಳು. ಪಾಟಿ ಚೀಲದಲ್ಲಿ ಡಬ್ಬಿ, ಡಬ್ಬಿಯೊಳಗೆ ಒಂದು ಕಸಬರಿಗೆ ಕಡ್ಡಿ. ಅಪ್ಪ ಅಂಗಡಿಯ ಗಲ್ಲೆಯ ಮೇಲೆ ಕೂತು ನೋಡಿದರು. ಮುಂದಿನ ಹೊಸ್ತಿಲ ಹತ್ತಿರ ತಂಗಿ ನಿಂತಳು. ಬೀದಿಯಲ್ಲಿ ಗಾಡಿಗಳು ಹೋಗುತ್ತಿದ್ದವು, ಎದುರಿನ ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಮಾತು ನಿಲ್ಲಿಸಿ ಇತ್ತ ನೋಡಿದರು. ನಾನು ರೂಢಿಯ ಪ್ರಕಾರ ಅವಳ ಬಲಗಡೆ ಹೋಗಿ ನಿಂತೆ.

"ಅಲ್ಲಿ ಬ್ಯಾಡ, ಎಡಗಡೆ ಬಾ" ಎಂದಳು. "ಆ ಕಡೆ ನಂಗ ಕಾಣಂಗಿಲ್ಲ. ಅದನ್ನ ನೀ ನೋಡ್ಕೋ."

ನಾನು ಎಡಗಡೆಗೆ ಬಂದೆ.